ಹಳೆಯ ಲ್ಯಾಪ್‌ಟಾಪಿನಿಂದ ಹೊಸದಕ್ಕೆ ಸಂಘದ ಲೆಕ್ಕ ಸಾಗಿಸುವ ಕ್ರಮ

ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಎರಡು ಹೊತ್ತಿನ ಹಾಲಿನ ಅಳತೆ, ಜಿಡ್ಡಿನಂಶ, ಬಟವಾಡೆ, ಪಶು ಆಹಾರದ ಬಾಬ್ತು ಕಡಿತ ಮುಂತಾದ ಲೆಕ್ಕಗಳನ್ನು ಹಿಂದೆ ದಪ್ಪ ಪುಸ್ತಕಗಳಲ್ಲಿ ಬರೆದಿಡಲಾಗುತ್ತಿತ್ತು. ಈಗ ಅನೇಕ ಸಂಘಗಳಲ್ಲಿ ಇವೆಲ್ಲ ಒಂದು ಲ್ಯಾಪ್‌ಟಾಪಿನೊಳಗೆ ಸೇರಿವೆ. ರೈತ ಉತ್ಪಾದಕರ ಕಂಪನಿಗಳ ಷೇರುದಾರರ ಪಟ್ಟಿ, ಗೊಬ್ಬರ-ಬೀಜದ ದಾಸ್ತಾನುಗಳ ಸ್ಥಿತಿಯೂ ಇದೇ. ಪುಸ್ತಕ ತುಂಬಿದರೆ ಹೊಸ ಪುಸ್ತಕ ತಂದು ಹಿಂದಿನ ಶಿಲ್ಕನ್ನು ಎತ್ತಿ ಬರೆದರೆ ಸಾಕಾಗಿತ್ತು. ಲ್ಯಾಪ್‌ಟಾಪ್ ಬದಲಾಯಿಸುವಾಗ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಹೊಸ ಯಂತ್ರಕ್ಕೆ ಹಾಕಿಯಾಯಿತೆಂದು ನೆಮ್ಮದಿಯಿಂದ ಮಲಗಿದ ಕಾರ್ಯದರ್ಶಿಗೆ ಮರುದಿನ ಬೆಳಿಗ್ಗೆ ಪರದೆಯ ಮೇಲೆ ತೂಕವೇ ಬಾರದೆ, ಕ್ಯಾನು ಹಿಡಿದ ಉತ್ಪಾದಕರು ಸಾಲುಗಟ್ಟಿ ನಿಂತಿರುವಾಗ ಪರದಾಡಬೇಕಾಗುತ್ತದೆ.

ಈ ಬದಲಾವಣೆಯ ಅಗತ್ಯ ಈಗ ಹಲವು ಕಡೆ ಒಟ್ಟಿಗೇ ಬಂದಿದೆ. ವಿಂಡೋಸ್ 10 ಎಂಬ ಮೂಲ ತಂತ್ರಾಂಶಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಯಂತ್ರ ನಿಂತುಹೋಗಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ಮೊದಲಿನಂತೆ ಉಚಿತ ಪರಿಹಾರ ತಾನಾಗಿ ಬರುತ್ತಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರವನ್ನು ಈ ಸ್ಥಿತಿಯಲ್ಲಿ ಬಹುಕಾಲ ಇಂಟರ್‌ನೆಟ್ಟಿಗೆ ಜೋಡಿಸಿಡುವುದು ಸರಿಯಲ್ಲ. ವಿಂಡೋಸ್ 11 ಹಾಕಲು 4 ಜಿ.ಬಿ. ಮೆಮೊರಿ, 64 ಜಿ.ಬಿ. ಸ್ಥಳ ಮಾತ್ರವಲ್ಲದೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ 8ನೆಯ ಪೀಳಿಗೆಯಿಂದೀಚಿನವು ಮಾತ್ರ ಅರ್ಹ. ಆದ್ದರಿಂದ ಹಳೆಯ ಲ್ಯಾಪ್‌ಟಾಪ್ ಇರುವ ಸಂಘಗಳು ಹೊಸದನ್ನು ಕೊಳ್ಳುವುದು ಅನಿವಾರ್ಯವಾಗಿದೆ.

ಯಾವುದು ಸಾಗುತ್ತದೆ, ಯಾವುದು ಸಾಗುವುದಿಲ್ಲ

ಲ್ಯಾಪ್‌ಟಾಪಿನೊಳಗೆ ಇರುವುದನ್ನು ಮೂರಾಗಿ ವಿಂಗಡಿಸಿ ನೋಡಬೇಕು. ಮೊದಲನೆಯದು ಲೆಕ್ಕ, ಪತ್ರ, ಚಿತ್ರಗಳಂತಹ ಮಾಹಿತಿ. ಇದನ್ನು ನಕಲು ಮಾಡಬಹುದು. ಎರಡನೆಯದು ಆ ಮಾಹಿತಿಯನ್ನು ಬರೆಯುವ, ಓದುವ ತಂತ್ರಾಂಶಗಳು. ಇವುಗಳ ಫೋಲ್ಡರನ್ನು ನಕಲು ಮಾಡಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ತಂತ್ರಾಂಶವನ್ನು ಅಳವಡಿಸುವಾಗ ಅದು ತನ್ನ ಫೋಲ್ಡರಿನಲ್ಲಿ ಮಾತ್ರವಲ್ಲದೆ ವಿಂಡೋಸಿನ ದಾಖಲಾತಿಯಲ್ಲಿ ಮತ್ತು ಕಣ್ಣಿಗೆ ಕಾಣದಂತಿಡುವ ಇತರ ಫೋಲ್ಡರುಗಳಲ್ಲಿಯೂ ತನ್ನ ಅಂಶಗಳನ್ನು ಬರೆದುಕೊಂಡಿರುತ್ತದೆ. ಫೋಲ್ಡರನ್ನಷ್ಟೇ ಒಯ್ಯುವುದೆಂದರೆ ಸ್ಟಾರ್ಟರು, ಕೇಬಲ್ಲು, ಪೈಪುಗಳನ್ನು ಹಳೆಯ ಬಾವಿಯಲ್ಲೇ ಬಿಟ್ಟು ಮೋಟಾರನ್ನು ಮಾತ್ರ ಹೊಸ ಬಾವಿಗೆ ಹೊತ್ತೊಯ್ದಂತೆ. ಹೊಸ ಯಂತ್ರದಲ್ಲಿ ತಂತ್ರಾಂಶವನ್ನು ಮೊದಲಿನಿಂದಲೇ ಅಳವಡಿಸಬೇಕು. ಮೂರನೆಯದು ಪರವಾನಗಿ. ಇದನ್ನು ಮರೆತವರೇ ಹೆಚ್ಚು.

ಲ್ಯಾಪ್‌ಟಾಪಿನೊಂದಿಗೆ ಕಾರ್ಖಾನೆಯಿಂದಲೇ ಬಂದ ವಿಂಡೋಸಿನ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದದ್ದು. ಅದನ್ನು ಬೇರೆ ಯಂತ್ರಕ್ಕೆ ಒಯ್ಯಲಾಗದು. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ವಿಂಡೋಸ್ ಸಹಿತವೇ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳಿತು. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶದ ಪರವಾನಗಿಯನ್ನು ಮಾತ್ರ ಹಳೆಯ ಯಂತ್ರದಲ್ಲಿ ಒಪ್ಪಿಸಿ, ಅಂದರೆ ‘ಸರೆಂಡರ್’ ಮಾಡಿ, ಹೊಸದರಲ್ಲಿ ಮತ್ತೆ ಚಾಲನೆಗೊಳಿಸಬಹುದು. ಹಳೆಯ ಯಂತ್ರ ಓಡುತ್ತಿರುವಾಗಲೇ ಈ ಕೆಲಸ ಮುಗಿಸಿದರೆ ತೊಂದರೆ ಕಡಿಮೆ.

ಇಲ್ಲಿ ಹಳ್ಳಿಯ ಸಂಘಗಳಿಗೇ ವಿಶಿಷ್ಟವಾದ ಒಂದು ತೊಡಕುಂಟು. ಪರವಾನಗಿಯನ್ನು ನೋಂದಾಯಿಸುವಾಗ ಅಂದಿನ ಕಾರ್ಯದರ್ಶಿ ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೋ ಮಗನ ಇ-ಮೇಲನ್ನೋ ಕೊಟ್ಟಿರುತ್ತಾರೆ. ಅವರು ನಿವೃತ್ತರಾಗಿ ವರ್ಷಗಳೇ ಕಳೆದಿರುತ್ತವೆ. ಒಮ್ಮೆಯ ಪಾಸ್‌ವರ್ಡು ಅವರ ಫೋನಿಗೆ ಹೋಗುತ್ತದೆ, ಆ ಸಂಖ್ಯೆಯೂ ಬದಲಾಗಿರುತ್ತದೆ. ಯಂತ್ರ ಸಾಗಿಸುವುದಕ್ಕೆ ತಿಂಗಳ ಮುಂಚೆಯೇ ಇಂಥವನ್ನು ಪರಿಶೀಲಿಸಿ ಸಂಘದ ಹೆಸರಿನ ಸಂಖ್ಯೆ, ಇ-ಮೇಲುಗಳಿಗೆ ಬದಲಾಯಿಸಿಕೊಳ್ಳಬೇಕು.

ಇಡೀ ಡಿಸ್ಕಿನ ಪಡಿಯಚ್ಚು

ಹಳೆಯ ಡಿಸ್ಕನ್ನು ಇದ್ದಂತೆಯೇ ಪಡಿಯಚ್ಚು ತೆಗೆದು ಹೊಸ ಯಂತ್ರಕ್ಕೆ ಹಾಕಿಬಿಟ್ಟರೆ ಆಯಿತಲ್ಲ ಎಂದು ಕೆಲವರು ಕೇಳುವುದುಂಟು. ಕ್ಲೋನ್‌ಜಿಲ್ಲಾದಂತಹ ಉಚಿತ ತಂತ್ರಾಂಶಗಳಿಂದ ಇದು ಸಾಧ್ಯ. ಒಂದೇ ಯಂತ್ರದಲ್ಲಿ ತಿರುಗುವ ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕುವಾಗ ಈ ವಿಧಾನವೇ ಉತ್ತಮ. ವಿಂಡೋಸ್ 11ಕ್ಕೆ ಅರ್ಹವಾದ, ಆದರೆ ನಿಧಾನವಾಗಿರುವ ಲ್ಯಾಪ್‌ಟಾಪ್ ಇದ್ದರೆ ಇಷ್ಟರಿಂದಲೇ ಹೊಸ ಖರೀದಿಯನ್ನು ಕೆಲವು ವರ್ಷ ಮುಂದೂಡಬಹುದು.

ಬೇರೆ ಮಾದರಿಯ ಯಂತ್ರಕ್ಕೆ ಒಯ್ಯುವಾಗ ಮಾತ್ರ ಈ ವಿಧಾನವನ್ನು ನೆಚ್ಚಿಕೊಳ್ಳುವುದು ಬೇಡ. ಹಳೆಯ ಯಂತ್ರದ ವಿಂಡೋಸ್‌ಗೆ ಹೊಸ ಯಂತ್ರದ ಡಿಸ್ಕನ್ನು ಗುರುತಿಸುವ ಡ್ರೈವರ್ ತಂತ್ರಾಂಶ ಇಲ್ಲದಿದ್ದರೆ ಅದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಳೆಯ ಡಿಸ್ಕಿನ ವಿಭಜನಾ ಕ್ರಮ ಹೊಸ ಯಂತ್ರಕ್ಕೆ ಹೊಂದದೆ ಯಂತ್ರ ಏಳದಿರಲೂಬಹುದು. ಎದ್ದರೂ ಪರವಾನಗಿಯ ತಕರಾರು ಉಳಿಯುತ್ತದೆ, ವರ್ಷಗಳಿಂದ ಕೂಡಿಕೊಂಡ ಕಸವೂ ಜೊತೆಗೇ ಬರುತ್ತದೆ.

ಹೊಸ ಲ್ಯಾಪ್‌ಟಾಪನ್ನು ಮೊದಲು ಚಾಲೂ ಮಾಡುವಾಗ ಹಳೆಯದರಿಂದ ಎಲ್ಲವನ್ನೂ ತಂದುಕೊಡುವುದಾಗಿ ವಿಂಡೋಸ್ ತಾನೇ ಕೇಳುವುದೂ ಉಂಟು. ಇದರಿಂದ ಫೈಲುಗಳು, ಕೆಲವು ಹೊಂದಾಣಿಕೆಗಳು ಬರಬಹುದು. ಹಾಲಿನ ಲೆಕ್ಕದ ತಂತ್ರಾಂಶ ಬರುತ್ತದೆಂದು ತಿಳಿಯಕೂಡದು.

ಮಾಹಿತಿ ಎಲ್ಲಿದೆ?

ಡೆಸ್ಕ್‌ಟಾಪಿನಲ್ಲಿ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುವುದಷ್ಟೇ ಮಾಹಿತಿಯಲ್ಲ. ಲೆಕ್ಕದ ತಂತ್ರಾಂಶಗಳು ತಮ್ಮ ಮಾಹಿತಿಯನ್ನು ಹೆಚ್ಚಾಗಿ ಸಿ ಡ್ರೈವಿನಲ್ಲಿ ಬೇರೆಲ್ಲೋ ಇಟ್ಟಿರುತ್ತವೆ. ಟ್ಯಾಲಿಯ ಮಾಹಿತಿ ‘ಡಾಟಾ’ ಎಂಬ ಫೋಲ್ಡರಿನೊಳಗೆ ಬರಿಯ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿರುತ್ತದೆ. ಅದು ಎಲ್ಲಿದೆಯೆಂಬುದು ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ಕಾಣುತ್ತದೆ. ಹಾಲಿನ ಲೆಕ್ಕದ ತಂತ್ರಾಂಶ ತೆರೆದಿರುವಾಗಲೇ ಅದರ ಫೈಲನ್ನು ನಕಲು ಮಾಡಿದರೆ ನಕಲು ಅಪೂರ್ಣವಾಗುವ ಅಪಾಯವಿದೆ. ತಂತ್ರಾಂಶದೊಳಗೇ ಇರುವ ‘ಬ್ಯಾಕಪ್’ ಸೌಲಭ್ಯದಿಂದ ಪ್ರತಿ ತೆಗೆದು, ಹೊಸದರಲ್ಲಿ ‘ರಿಸ್ಟೋರ್’ ಮಾಡುವುದೇ ಸರಿಯಾದ ಕ್ರಮ.

ಪ್ರತಿಗಳು ಎರಡಿರಬೇಕು, ಎರಡು ಬೇರೆ ಬೇರೆ ಸಾಧನಗಳಲ್ಲಿರಬೇಕು. ಪೆನ್‌ಡ್ರೈವಿನಲ್ಲಿ ಜಾಗವಿದ್ದರೂ ದೊಡ್ಡ ಫೈಲು ಹೋಗುತ್ತಿಲ್ಲವೆಂಬ ದೂರು ಸಾಮಾನ್ಯ. ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿನಲ್ಲಿ 4 ಜಿ.ಬಿ.ಗಿಂತ ದೊಡ್ಡ ಫೈಲು ಹಿಡಿಸದಿರುವುದೇ ಇದಕ್ಕೆ ಕಾರಣ. ಅದನ್ನು ಎಕ್ಸ್‌ಫ್ಯಾಟ್ ಮಾದರಿಗೆ ಬದಲಾಯಿಸಿದರೆ ಸರಿಹೋಗುತ್ತದೆ. ಬದಲಾಯಿಸುವಾಗ ಅದರಲ್ಲಿದ್ದುದೆಲ್ಲ ಅಳಿಯುತ್ತದೆಂಬುದು ನೆನಪಿರಲಿ.

ಕೆಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಬಳಕೆದಾರರ ಅರಿವಿಗೆ ಬಾರದೆಯೇ ಬಿದ್ದಿರುತ್ತದೆ. ಅಂಥ ಯಂತ್ರ ಕೆಟ್ಟು, ಡಿಸ್ಕನ್ನು ಹೊರತೆಗೆದು ಬೇರೆಡೆ ಓದಬೇಕಾದಾಗ 48 ಅಂಕಿಗಳ ಕೀಲಿ ಇಲ್ಲದೆ ಒಂದಕ್ಷರವೂ ಸಿಗದು. ಯಂತ್ರ ಸರಿಯಿರುವಾಗಲೇ ಈ ಕೀಲಿಯನ್ನು ಕಾಗದದ ಮೇಲೆ ಬರೆದು ಸಂಘದ ತಿಜೋರಿಯಲ್ಲಿಡಬೇಕು.

ಕನ್ನಡದ ಹಳೆಯ ಪತ್ರಗಳದು ಇನ್ನೊಂದು ಬಗೆ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಠರಾವುಗಳು, ನೋಟೀಸುಗಳು ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಫೈಲು ಕೆಟ್ಟಿತೆಂದು ಅಳಿಸಿಬಿಡಬಾರದು. ಅದೇ ಅಕ್ಷರಶೈಲಿಯನ್ನು ಹೊಸದರಲ್ಲಿ ಅಳವಡಿಸಿದೊಡನೆ ಕನ್ನಡ ಮರಳಿ ಕಾಣುತ್ತದೆ. ಬಿಡುವಾದಾಗ ಮುಖ್ಯ ಪತ್ರಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದಿನ ಬಾರಿ ಈ ತೊಂದರೆ ಇರುವುದಿಲ್ಲ.

ತೂಕದ ಯಂತ್ರ, ಹಾಲಿನ ಪರೀಕ್ಷಕ, ಪ್ರಿಂಟರು

ಹೆಚ್ಚಿನ ಫಜೀತಿ ಇಲ್ಲಿಯೇ. ತೂಕದ ಯಂತ್ರ ಮತ್ತು ಹಾಲಿನ ಪರೀಕ್ಷಕಗಳು ಹಲವು ಕಡೆ ಹಳೆಯ ಸೀರಿಯಲ್ ಕೇಬಲ್ಲಿನ ಮೂಲಕ ಮಾತನಾಡುತ್ತವೆ. ಲ್ಯಾಪ್‌ಟಾಪಿನಲ್ಲಿ ಆ ಬಗೆಯ ಜೋಡಣೆ ಇಲ್ಲದ್ದರಿಂದ ನಡುವೆ ಒಂದು ಯು.ಎಸ್.ಬಿ. ಪರಿವರ್ತಕ ಇರುತ್ತದೆ. ವಿಂಡೋಸ್ ಪ್ರತಿ ಪರಿವರ್ತಕಕ್ಕೂ ಕಾಂ 3, ಕಾಂ 5 ಎಂಬಂತೆ ಒಂದು ಸಂಖ್ಯೆ ಕೊಡುತ್ತದೆ. ಹಳೆಯ ಯಂತ್ರದಲ್ಲಿ ಕಾಂ 3 ಇದ್ದದ್ದು ಹೊಸದರಲ್ಲಿ ಕಾಂ 5 ಆದರೆ, ಹಾಲಿನ ತಂತ್ರಾಂಶ ಖಾಲಿ ಬಾಗಿಲಿನ ಮುಂದೆ ಕಾಯುತ್ತಾ ಕೂರುತ್ತದೆ. ತೂಕ ಬಾರದಿರುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. ಇದಕ್ಕಾಗಿ ತೂಕದ ಯಂತ್ರವನ್ನು ಬಿಚ್ಚಿಸಿದವರೂ ಇದ್ದಾರು. ಹಳೆಯ ಯಂತ್ರದ ‘ಡಿವೈಸ್ ಮ್ಯಾನೇಜರ್’ನಲ್ಲಿ ಪ್ರತಿ ಉಪಕರಣದ ಕಾಂ ಸಂಖ್ಯೆಯನ್ನೂ, ತಂತ್ರಾಂಶದಲ್ಲಿ ನಮೂದಿಸಿದ ವೇಗವನ್ನೂ (2400, 9600 ಇತ್ಯಾದಿ) ಬರೆದುಕೊಂಡು, ಹೊಸದರಲ್ಲಿ ಅದೇ ಸಂಖ್ಯೆಗಳನ್ನು ಕೊಡಬೇಕು. ಯಾವ ಕೇಬಲ್ಲು ಯಾವ ರಂಧ್ರಕ್ಕೆ ಎಂದು ಬಣ್ಣದ ಟೇಪು ಅಂಟಿಸಿಡುವುದು ಅನುಕೂಲ. ಕೆಲವು ಹಳೆಯ ಪರಿವರ್ತಕಗಳು ವಿಂಡೋಸ್ 11ರಲ್ಲಿ ಕೆಲಸ ಮಾಡುವುದಿಲ್ಲ. ಒಂದು ಹೊಸ ಪರಿವರ್ತಕವನ್ನು ಮೊದಲೇ ತಂದಿಟ್ಟಿರಬೇಕು.

ಅಗಲವಾದ ಪ್ಯಾರಲಲ್ ಕೇಬಲ್ಲಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ಪರಿವರ್ತಕ ಬೇಕಾಗುತ್ತದೆ. ಡಾಸ್ ಕಾಲದ ಲೆಕ್ಕದ ತಂತ್ರಾಂಶವನ್ನೇ ಇನ್ನೂ ನೆಚ್ಚಿಕೊಂಡಿದ್ದರೆ, 16 ಬಿಟ್‌ನ ಅಂಥ ತಂತ್ರಾಂಶಗಳು ವಿಂಡೋಸ್ 11ರಲ್ಲಿ ನೇರವಾಗಿ ಓಡುವುದಿಲ್ಲವಾದ್ದರಿಂದ, ಪೂರೈಸಿದವರೊಡನೆ ಮಾತನಾಡದೆ ಯಂತ್ರ ಕೊಳ್ಳಬಾರದು. ಡಿಜಿಟಲ್ ಸಹಿಯ ಟೋಕನ್ ಸುಲಭ: ಸಹಿ ಟೋಕನ್ನಿನೊಳಗೇ ಇರುವುದರಿಂದ ಹೊಸ ಯಂತ್ರದಲ್ಲಿ ಅದರ ಡ್ರೈವರನ್ನು ಅಳವಡಿಸಿದರೆ ಸಾಕು.

ಸಾಗಿಸುವ ದಿನ

ಬಟವಾಡೆಯ ಹಿಂದುಮುಂದಿನ ದಿನಗಳನ್ನೂ ಮಾರ್ಚ್ ಕೊನೆಯನ್ನೂ ಬಿಡಬೇಕು. ತಂತ್ರಾಂಶಗಳ ಅಳವಡಿಕೆಯನ್ನು ಹಿಂದಿನ ದಿನಗಳಲ್ಲೇ ಮುಗಿಸಿ, ಬಟವಾಡೆ ಆದ ಎರಡು-ಮೂರು ದಿನಕ್ಕೆ, ಬೆಳಗಿನ ಶೇಖರಣೆ ಮುಗಿದ ಮೇಲೆ ಕೊನೆಯ ಬ್ಯಾಕಪ್ ತೆಗೆಯುವುದು ಸೂಕ್ತ. ಸಂಜೆಯ ಹಾಲಿನವರೆಗೆ ಸಾಕಷ್ಟು ಸಮಯ ಸಿಗುತ್ತದೆ.

ಬ್ಯಾಕಪ್ಪಿಗೆ ಮುಂಚೆ ಹಳೆಯ ಯಂತ್ರದಿಂದ ಕೆಲವು ಅಂಕಿಗಳನ್ನು ಕಾಗದಕ್ಕೆ ಇಳಿಸಬೇಕು: ಒಟ್ಟು ಸದಸ್ಯರ ಸಂಖ್ಯೆ, ಕಳೆದ ಬಟವಾಡೆಯ ಒಟ್ಟು ಲೀಟರು ಮತ್ತು ಒಟ್ಟು ರೂಪಾಯಿ, ಅಂದಿನ ನಗದು ಶಿಲ್ಕು, ತಾಳೆಪಟ್ಟಿಯ ಮೊತ್ತ, ಹಾಗೂ ಸಾಲದ ಬಾಕಿ ಇರುವ ನಾಲ್ಕೈದು ಸದಸ್ಯರ ಖಾತೆಗಳು. ಹೊಸ ಯಂತ್ರದಲ್ಲಿ ರಿಸ್ಟೋರ್ ಮಾಡಿದ ಮೇಲೆ ಇವು ಪೈಸೆಯವರೆಗೂ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಹೊಸ ದಾಖಲೆ ಆರಂಭಿಸಕೂಡದು. ಆ ಸಂಜೆ ಹಳೆಯ ಯಂತ್ರದಲ್ಲೇ ಹಾಲು ತೆಗೆದುಕೊಂಡು, ಮಾರನೆಯ ದಿನ ಹೊಸ ಬ್ಯಾಕಪ್ಪಿನಿಂದ ಮತ್ತೆ ಪ್ರಯತ್ನಿಸಬಹುದು. ಎರಡೂ ಯಂತ್ರಗಳಲ್ಲಿ ಒಂದೊಂದು ಹೊತ್ತಿನ ಹಾಲನ್ನು ಬರೆಯುವುದು ಮಾತ್ರ ಎಂದೂ ಬೇಡ. ಆಮೇಲೆ ಅವೆರಡನ್ನು ಕೂಡಿಸುವುದು ದೊಡ್ಡ ರಗಳೆ. ಪರವಾನಗಿ ಒಪ್ಪಿಸುವ ಕೆಲಸವನ್ನು ಅಂಕಿಗಳೆಲ್ಲ ತಾಳೆಯಾಗುವ ಹಂತಕ್ಕೇ ಇಟ್ಟುಕೊಳ್ಳಬೇಕು. ಅಂಕಿ ನೋಡಲೂ ತಂತ್ರಾಂಶ ಪರವಾನಗಿ ಕೇಳುವುದಾದರೆ, ಪ್ರಯೋಗಾರ್ಥವಾಗಿ ತೆರೆಯುವ ಸೌಲಭ್ಯವಿದೆಯೇ ಎಂದು ಪೂರೈಸಿದವರಿಂದ ತಿಳಿಯಬೇಕು. ಮೊದಲ ವಾರ ಪ್ರತಿ ಹೊತ್ತಿನ ಹಾಲನ್ನು ಕೈಪುಸ್ತಕದಲ್ಲಿಯೂ ಬರೆದಿಟ್ಟರೆ ಕಾರ್ಯದರ್ಶಿಗೂ ಧೈರ್ಯ, ಉತ್ಪಾದಕರಿಗೂ ನಂಬಿಕೆ.

ಹಳೆಯ ಲ್ಯಾಪ್‌ಟಾಪನ್ನು ಒಂದು ಬಟವಾಡೆ ಸರಿಯಾಗಿ ಆಗುವವರೆಗೆ ಮುಟ್ಟಬಾರದು. ಸಾಧ್ಯವಿದ್ದರೆ ಆ ವರ್ಷದ ಆಡಿಟ್ ಮುಗಿಯುವವರೆಗೆ ಬೀರುವಿನಲ್ಲಿಡುವುದು ಲೇಸು. ಅನಂತರ ಮಾರುವುದಾದರೆ ಫೈಲುಗಳನ್ನು ‘ಡಿಲೀಟ್’ ಮಾಡಿದರೆ ಸಾಲದು, ಅವನ್ನು ಮತ್ತೆ ಎತ್ತುವ ತಂತ್ರಾಂಶಗಳಿವೆ. ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳು ಅದರಲ್ಲಿರುವುದರಿಂದ ‘ರಿಸೆಟ್’ನಲ್ಲಿ ಎಲ್ಲವನ್ನೂ ತೆಗೆದು ಡಿಸ್ಕನ್ನು ಶುದ್ಧಗೊಳಿಸುವ ಆಯ್ಕೆಯನ್ನೇ ಆರಿಸಬೇಕು. ಇದಕ್ಕೆ ಕೆಲವು ಗಂಟೆಗಳೇ ಹಿಡಿಯುವುದರಿಂದ ಚಾರ್ಜರನ್ನು ಜೋಡಿಸಿಟ್ಟು, ಕರೆಂಟು ಸ್ಥಿರವಾಗಿರುವ ಹೊತ್ತಿನಲ್ಲಿ ಆರಂಭಿಸುವುದು ಒಳ್ಳೆಯದು.