ಕೊಬ್ಬಿದ ಕುದುರೆಗೆ ಪಥ್ಯ

ಕುದುರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅದರ ಓಟ. ಓಡಲೆಂದೇ ಹುಟ್ಟಿದ ಈ ಪ್ರಾಣಿಯೇ ಮೈಬೆಳೆದು ನಾಲ್ಕು ಹೆಜ್ಜೆಗೆ ಏದುಸಿರು ಬಿಡುವಂತಾದರೆ ಅದನ್ನು ಸೌಭಾಗ್ಯವೆನ್ನಬೇಕೆ, ರೋಗವೆನ್ನಬೇಕೆ? ಮಿರುಗುವ ದುಂಡು ಮೈಯನ್ನು ಕಂಡು ನಾವು ಸಂತೋಷಪಡುತ್ತೇವೆ, ಪಶುವೈದ್ಯರು ಚಿಂತೆಪಡುತ್ತಾರೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಗೆ ಕುದುರೆ ಹೊಸಬನಲ್ಲ. ೧೭೯೯ನೆಯ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದಾಗ ರಾವುತರ ಕುದುರೆಗಳು ಈ ನೆಲವನ್ನು ತುಳಿದಿದ್ದವು. ಮದ್ದೂರಿಗೆ ಉತ್ತರದಲ್ಲಿರುವ ಕುಣಿಗಲ್ಲು ಅಶ್ವಪಾಲನೆಗೆ ಬಹುಕಾಲದಿಂದ ಹೆಸರಾದ ಊರು. ಅನಂತರದ ಕಾಲದಲ್ಲಿ ಜಟಕಾ ಬಂದಿತು. ಆ ಕುದುರೆಗೆ ಹೊಟ್ಟೆ ತುಂಬ ಮೇವು ದೊರೆಯದಿದ್ದರೂ ನಡಿಗೆಗೆ ಕೊರತೆಯಿರಲಿಲ್ಲ. ಆಟೋರಿಕ್ಷಾಗಳು ಬಂದ ಮೇಲೆ ಜಟಕಾ ಮರೆಯಾಯಿತು. ಉಳಿದ ಕುದುರೆಗಳಲ್ಲಿ ಕೆಲವಕ್ಕೆ ಮದುವೆಯ ಮೆರವಣಿಗೆಯ ಹೊರತು ಬೇರೆ ಕೆಲಸವಿಲ್ಲ. ಲಗ್ನದ ತಿಂಗಳು ಕಳೆದರೆ ಕಟ್ಟಿದ ಗೂಟವೇ ಅವುಗಳ ಪ್ರಪಂಚ.

ಪ್ರೀತಿಯೇ ವಿಷವಾದಾಗ

ಇದು ಸಕ್ಕರೆಯ ನಾಡು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಇಲ್ಲಿ ಕಬ್ಬು ಬಾಳಿನ ಒಂದು ಅಂಗವೇ ಆಗಿದೆ. ಆದುದರಿಂದ ಕುದುರೆಯ ಮೇಲಿನ ಅಕ್ಕರೆಯನ್ನು ತೋರಿಸುವ ಬಗೆಯೂ ಸಿಹಿಯೇ: ಒಂದು ಅಚ್ಚು ಬೆಲ್ಲ, ಒಂದು ತುಂಡು ಕಬ್ಬು. ಇದರ ಮೇಲೆ ಬೇಯಿಸಿದ ಹುರುಳಿ, ಬೂಸ, ತೌಡು. ದುಡಿಯುವ ಕುದುರೆಗೆ ಇವು ಬಲ ಕೊಡುವ ಆಹಾರ. ನಿಂತ ಕುದುರೆಗೆ ಕೇವಲ ಕೊಬ್ಬು.

ಈ ಕೊಬ್ಬು ಬರಿಯ ಅಂದಗೇಡಲ್ಲ. ಸ್ಥೂಲವಾದ ಕುದುರೆಯು ಸಕ್ಕರೆ, ಪಿಷ್ಟಗಳನ್ನು ತಿಂದಾಗ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಏರಬಹುದು. ಅದರ ಫಲವಾಗಿ ಗೊರಸಿನ ಒಳಗಿರುವ, ಎಲುಬನ್ನು ಗೊರಸಿಗೆ ಹಿಡಿದಿಡುವ ಪದರಗಳು ಸಡಿಲಗೊಳ್ಳುತ್ತವೆ. ಲ್ಯಾಮಿನೈಟಿಸ್ ಎಂಬ ಈ ಬೇನೆ ಬಂದ ಕುದುರೆ ಹೆಜ್ಜೆಯಿಡಲಾರದೆ ನರಳುತ್ತದೆ. ರೋಗ ಉಲ್ಬಣಿಸಿದರೆ ಅದನ್ನು ಉಳಿಸುವುದೇ ಕಷ್ಟ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಅಳತೆ ಮೊದಲು, ಆಹಾರ ಅನಂತರ

ಪಕ್ಕೆಲುಬುಗಳು ಕಣ್ಣಿಗೆ ಕಾಣಬಾರದು, ಆದರೆ ಕೈಯಾಡಿಸಿದರೆ ಸುಲಭವಾಗಿ ಸಿಕ್ಕಬೇಕು. ಕತ್ತಿನ ಮೇಲ್ಭಾಗ ದಪ್ಪನೆಯ ದಿಂಡಿನಂತೆ ಗಟ್ಟಿಯಾಗಿದ್ದರೆ ಅದು ಎಚ್ಚರಿಕೆಯ ಗಂಟೆ. ತಕ್ಕಡಿಯಿಲ್ಲದಿದ್ದರೂ ತೂಕವನ್ನು ಅಂದಾಜು ಮಾಡಬಹುದು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಮತ್ತೊಮ್ಮೆ ಗುಣಿಸಿ, ೧೧,೮೭೭ರಿಂದ ಭಾಗಿಸಬೇಕು. ಸುತ್ತಳತೆ ೧೫೫, ಉದ್ದ ೧೪೫ ಆದರೆ ತೂಕ ಸುಮಾರು ೨೯೩ ಕಿಲೋ.

ಮೊದಲು ನಿಲ್ಲಬೇಕಾದುವು ಬೆಲ್ಲ, ಕಬ್ಬು, ತೌಡು, ಬೂಸಗಳು; ಹುರುಳಿಯೂ ಕೆಲಸಕ್ಕೆ ತಕ್ಕಷ್ಟೇ. ಹಾಗೆಂದು ಉಪವಾಸ ಕೆಡವುವುದು ಮಹಾಪರಾಧ. ಕುದುರೆಯ ಜಠರ ಚಿಕ್ಕದು. ದಿನದ ಬಹುಭಾಗ ಸ್ವಲ್ಪಸ್ವಲ್ಪವಾಗಿ ಮೇಯುವುದು ಅದರ ಪ್ರಕೃತಿ. ಬರಿಹೊಟ್ಟೆಯಲ್ಲಿದ್ದರೆ ಹೊಟ್ಟೆಹುಣ್ಣಾಗಬಹುದು. ಮೈಯ ಕೊಬ್ಬು ಒಮ್ಮೆಗೇ ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತು ಕೆಡುವ ಭಯವೂ ಉಂಟು. ಚಿಕ್ಕ ತಟ್ಟುಗಳಿಗೂ ಕತ್ತೆಗಳಿಗೂ ಈ ಅಪಾಯ ಹೆಚ್ಚು.

ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲು ಒಣಮೇವು ಸಾಮಾನ್ಯವಾದ ಪಥ್ಯ. ೩೦೦ ಕಿಲೋ ತೂಗುವ ಕುದುರೆಗೆ ನಾಲ್ಕೂವರೆಯಿಂದ ಐದು ಕಿಲೋ ಒಣಹುಲ್ಲು ಸಾಕು. ಇದನ್ನು ನಾಲ್ಕೈದು ಸಲವಾಗಿ ಹಂಚಿ ಕೊಡಬೇಕು. ಸಣ್ಣ ಕಣ್ಣಿನ ಬಲೆಯಲ್ಲಿಟ್ಟರೆ ನಿಧಾನವಾಗಿ ತಿನ್ನುತ್ತದೆ. ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ ನೀರನ್ನು ಚೆಲ್ಲಿದರೆ ಹುಲ್ಲಿನ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಬತ್ತದ ಹುಲ್ಲೊಂದನ್ನೇ ತಿನ್ನಿಸಿದರೆ ಕರುಳು ಕಟ್ಟಿಕೊಳ್ಳಬಹುದು. ಬೇರೆ ಹುಲ್ಲಿನೊಡನೆ ಬೆರೆಸುವುದು ಲೇಸು. ಉಪ್ಪು, ಖನಿಜ ಮಿಶ್ರಣ, ಬೇಕಾದಷ್ಟು ಶುದ್ಧ ನೀರು ಇವು ತಪ್ಪಬಾರದು. ಮೇವಿನ ಬದಲಾವಣೆ ಒಂದೆರಡು ವಾರಗಳಲ್ಲಿ ಮೆಲ್ಲಮೆಲ್ಲನೆ ಆಗತಕ್ಕದ್ದು.

ನಾಲೆಯ ಏರಿಯ ಮೇಲೆ ನಡಿಗೆ

ಗೊರಸು ನೋಯುತ್ತಿರುವ ಕುದುರೆಯನ್ನು ನಡೆಸಲೇಕೂಡದು. ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಾಲು ನೆಟ್ಟಗಿದ್ದರೆ ಬೆಳಗಿನ ತಂಪಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ನಡೆಸಿ ಆರಂಭಿಸಬಹುದು. ನಾಲೆಯ ಏರಿಯ ಮೆತ್ತನೆಯ ಮಣ್ಣುದಾರಿ ಡಾಂಬರು ರಸ್ತೆಗಿಂತ ಮೇಲು. ವಾರ ಕಳೆದಂತೆ ಮುಕ್ಕಾಲು ಗಂಟೆಯವರೆಗೆ ಏರಿಸಿ, ಅನಂತರ ಸಣ್ಣ ಓಟ ಕಲಿಸಬೇಕು. ಕೊಬ್ಬಿದ ಮೈ ಬಿಸಿಲನ್ನು ತಾಳಲಾರದು. ನಡುಹಗಲು ವಿಶ್ರಾಂತಿಗೆ ಮೀಸಲಾಗಿರಲಿ.

ಅವಸರ ಸಲ್ಲದು. ೩೦೦ ಕಿಲೋ ಕುದುರೆ ವಾರಕ್ಕೆ ಒಂದೂವರೆಯಿಂದ ಮೂರು ಕಿಲೋ ಇಳಿದರೆ ಅದೇ ಯೋಗ್ಯವಾದ ಗತಿ. ತಿಂಗಳುಗಟ್ಟಲೆ ಬೆಳೆದ ಬೊಜ್ಜು ತಿಂಗಳುಗಟ್ಟಲೆಯಲ್ಲಿಯೇ ಕರಗಬೇಕು.

ಅಭಿನವಚಂದ್ರನೆಂಬ ಕವಿ ಶತಮಾನಗಳ ಹಿಂದೆಯೇ ಅಶ್ವವೈದ್ಯವನ್ನು ಕನ್ನಡದಲ್ಲಿ ಬರೆದನು. ಮೂಕಪ್ರಾಣಿಯ ಆರೈಕೆಯನ್ನು ಶಾಸ್ತ್ರವೆಂದು ಗೌರವಿಸಿದ ನಾಡು ನಮ್ಮದು. ಕುದುರೆ ತನ್ನ ಪಥ್ಯವನ್ನು ತಾನೇ ಪಾಲಿಸಲಾರದು. ಅದರ ಬಾಯಿಗೆ ಹೋಗುವುದೆಲ್ಲ ನಮ್ಮ ಕೈಯಿಂದಲೇ. ಆದಕಾರಣ ಮದುವೆಯ ಮನೆಯ ಮುಂದೆ ಸಿಂಗರಿಸಿ ನಿಂತ ಕುದುರೆಗೆ ಬೆಲ್ಲ ನೀಡಲು ಮಕ್ಕಳು ಹಂಬಲಿಸಿದರೆ, ಒಂದು ಹಿಡಿ ಗರಿಕೆಯನ್ನು ಕೊಡಿಸಿ, ಕತ್ತನ್ನು ಸವರಲು ಹೇಳಿರಿ. ಅಕ್ಕರೆಗೆ ಅಷ್ಟು ಸಾಕು.