ಹೊಸ ಟ್ರ್ಯಾಕ್ಟರಿನ ನೋಂದಣಿ ಕಾಗದದಲ್ಲಿ ತಪ್ಪು ಬಿದ್ದರೆ

ದನದ ಸಂತೆಯಲ್ಲಿ ಎತ್ತು ಕೊಳ್ಳುವ ಒಕ್ಕಲಿಗನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ಒಕ್ಕಲಿಗನು ಲಕ್ಷಗಟ್ಟಲೆ ಸಾಲ ಎತ್ತಿ ಟ್ರ್ಯಾಕ್ಟರು ಕೊಳ್ಳುವಾಗ, ಅಂಗಡಿಯವರು ಮುಂದಿಟ್ಟ ಕಾಗದಗಳಿಗೆ ಓದದೆಯೇ ಸಹಿ ಹಾಕಿ, ಕಾಯಿ ಒಡೆದು ಊರಿಗೆ ಹೊರಡುತ್ತಾನೆ. ಯಂತ್ರದ ಗುರುತೆಲ್ಲ ಅದರ ಮೇಲೆ ಕೊರೆದ ಸಂಖ್ಯೆ ಮತ್ತು ಕಾಗದದ ಮೇಲಿನ ಹೆಸರು, ಇವೆರಡರಲ್ಲಿಯೇ ಇರುತ್ತದೆ. ಇವುಗಳಲ್ಲಿ ಒಂದಕ್ಷರ ತಪ್ಪಿದರೂ ಮುಂದೆ ವಿಮೆಯ ಹಣಕ್ಕೆ, ಬ್ಯಾಂಕಿನ ಋಣಮುಕ್ತಿಗೆ, ಮಾರಾಟಕ್ಕೆ ಅಡ್ಡಿಯಾಗುತ್ತದೆ.

ತಪ್ಪು ಎಲ್ಲಿಂದ ಬರುತ್ತದೆ?

ಮೊದಲು ಅಂಗಡಿಯ ಬಿಲ್ಲು, ಅದರ ಮೇಲಿಂದ ನಮೂನೆ 21, ಅಂದರೆ ಮಾರಾಟದ ಪ್ರಮಾಣಪತ್ರ, ಕಾರಖಾನೆಯವರು ಕೊಡುವ ನಮೂನೆ 22, ವಿಮೆಯ ಪಾಲಿಸಿ, ಕೊನೆಗೆ ನೋಂದಣಿಯ ಅರ್ಜಿ, ಅದು ನಮೂನೆ 20. ಬಿಲ್ಲಿನಲ್ಲಿ ಬಿದ್ದ ತಪ್ಪು ಒಂದರಿಂದ ಒಂದಕ್ಕೆ ನಕಲಾಗುತ್ತ ಹೋಗುತ್ತದೆ.

ಮೋಟಾರು ವಾಹನ ಕಾಯದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಂಗಡಿ ಇರುವ ರಾಜ್ಯದಲ್ಲಿಯೇ ಹೊಸ ವಾಹನದ ನೋಂದಣಿ ಆಗುವುದಾದರೆ ಅರ್ಜಿಯನ್ನು ಅಂಗಡಿಯವರೇ ಸಲ್ಲಿಸತಕ್ಕದ್ದು. ಅಧಿಕೃತ ಮಾರಾಟಗಾರರು ಮಾರಿದ ವಾಹನವನ್ನು ಮೊದಲ ನೋಂದಣಿಗಾಗಿ ಅಧಿಕಾರಿಯ ಮುಂದೆ ತಂದು ನಿಲ್ಲಿಸಬೇಕೆಂಬ ಕಟ್ಟಳೆಯೂ ಸಡಿಲವಾಗಿದೆ. ಇದರಿಂದ ಓಡಾಟ ತಪ್ಪಿತು, ನಿಜ. ಆದರೆ ಅಂಗಡಿಯ ಗುಮಾಸ್ತನು ಬೆರಳಚ್ಚು ಮಾಡಿದ್ದೇ ದಾಖಲೆಗೆ ಹೋಗುವ ಸಂಭವ ಹೆಚ್ಚಿತು. ಆದಕಾರಣ ತಾಳೆ ನೋಡುವ ಕೆಲಸವನ್ನು ಕೊಳ್ಳುವವನೇ ಮಾಡಬೇಕು.

ನೋಂದಣಿಗೆ ಮುನ್ನ ನೋಡತಕ್ಕವು

1. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ. ಯಂತ್ರದ ಮೇಲೆ ಕೊರೆದ ಸಂಖ್ಯೆಯ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಆ ಅಚ್ಚನ್ನು ಕಾಗದಗಳೊಡನೆ ಒಂದೊಂದೇ ಅಂಕಿಯಾಗಿ ಹೋಲಿಸಿರಿ. 3 ಮತ್ತು 8, 5 ಮತ್ತು ಎಸ್ ಅಕ್ಷರ ಅದಲುಬದಲಾಗುವುದುಂಟು. ಕಾರು, ಜೀಪು ಕೊಳ್ಳುವವರು ಇನ್ನೊಂದು ಗುಟ್ಟು ತಿಳಿದಿರಲಿ: ಅವುಗಳ ಚಾಸಿ ಸಂಖ್ಯೆ 17 ಸ್ಥಾನದ್ದು, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅಲ್ಲಿ ಓ ಕಂಡರೆ ಅದು ಸೊನ್ನೆಯೇ ಇರಬೇಕು.

2. ಹೆಸರು. ನಮ್ಮ ಗಡಿನಾಡಿನವರ ದೊಡ್ಡ ತೊಡಕು ಇದೇ. ಮನೆಯಲ್ಲಿ ಸಿದ್ರಾಮಪ್ಪ, ಸಾತಬಾರಾ ಉತಾರೆಯಲ್ಲಿ ಸಿದ್ಧರಾಮ, ಆಧಾರದಲ್ಲಿ ಸಿದರಾಮ. ಕನ್ನಡದ ಹೆಸರು ಮರಾಠಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ರೂಪ ಬದಲಾಗುತ್ತದೆ. ಆಧಾರ, ಪ್ಯಾನ್ ಮತ್ತು ಬ್ಯಾಂಕಿನ ಪುಸ್ತಕ ಈ ಮೂರರಲ್ಲಿ ಒಂದೇ ಕಾಗುಣಿತವಿರುವಂತೆ ಮೊದಲೇ ಸರಿಪಡಿಸಿಕೊಂಡು, ಅದನ್ನೇ ಬಿಲ್ಲಿನಲ್ಲಿ ಬರೆಸಿರಿ.

3. ವರ್ಗ. ಕೃಷಿ ಟ್ರ್ಯಾಕ್ಟರು ಸಾರಿಗೆಯೇತರ ವಾಹನವೆಂದು ನಿಯಮವಿದೆ. ತಪ್ಪಿ ಬಾಡಿಗೆ ಸಾಗಣೆಯ ವರ್ಗದಲ್ಲಿ ಬರೆದರೆ ಫಿಟ್ನೆಸ್ ಪ್ರಮಾಣಪತ್ರ, ಪರವಾನಿಗೆ ಮುಂತಾದ ಕಟ್ಟಳೆಗಳು ತಲೆಗೆ ಬರುತ್ತವೆ.

4. ತಯಾರಾದ ತಿಂಗಳು ಮತ್ತು ವರ್ಷ, ಹಾಗೂ ಸಾಲ ಕೊಟ್ಟ ಬ್ಯಾಂಕಿನ ಹೆಸರು ಮತ್ತು ಶಾಖೆ.

5. ಟ್ರೇಲರು ಕೊಂಡಿದ್ದರೆ ಅದಕ್ಕೆ ಬೇರೆಯೇ ಚಾಸಿ ಸಂಖ್ಯೆ, ಬೇರೆಯೇ ನೋಂದಣಿ. ವಿಮೆಯಲ್ಲಿಯೂ ಟ್ರೇಲರಿನ ಉಲ್ಲೇಖವಿದೆಯೇ ನೋಡಿರಿ.

ಈ ಹಂತದಲ್ಲಿ ತಪ್ಪು ಕಂಡರೆ ಕೆಲಸ ಸುಲಭ. ಅಂಗಡಿಯವರಿಂದ ತಿದ್ದಿದ ಬಿಲ್ಲು ಮತ್ತು ಹೊಸ ನಮೂನೆ 21 ಪಡೆಯಬೇಕು. ವಿಮೆಯ ಕಂಪನಿಯಿಂದ ತಿದ್ದುಪಡಿಯ ಚೀಟಿ ಪಡೆಯಬೇಕು. ಪೆನ್ನಿನಿಂದ ಗೀಚಿ ತಿದ್ದಿದ ಕಾಗದವನ್ನು ಒಪ್ಪಬೇಡಿರಿ. ಖಾಲಿ ನಮೂನೆಗೆ ಸಹಿ ಹಾಕಬೇಡಿರಿ. ಸಂಖ್ಯಾಫಲಕ ಹಾಕದೆ ವಾಹನವನ್ನು ಹಸ್ತಾಂತರಿಸುವುದು ಕೂಡದೆಂದು ಕಾಯದೆಯಿದೆ. ಆದಕಾರಣ “ಈಗ ಒಯ್ಯಿರಿ, ಕಾಗದ ಆಮೇಲೆ ನೋಡೋಣ” ಎಂಬ ಮಾತಿಗೆ ಮರುಳಾಗಬಾರದು.

ನೋಂದಣಿಯಾದ ಮೇಲೆ ಕಂಡರೆ

ತಡಮಾಡಬಾರದು. ಕಾಯದೆಯ 55ನೆಯ ಕಲಮಿನ ಪ್ರಕಾರ, ವಾಹನದ ಮೇಲೆ ಕೊರೆದ ಎಂಜಿನ್ ಅಥವಾ ಚಾಸಿ ಸಂಖ್ಯೆ ನೋಂದಣಿ ಪತ್ರದ ಸಂಖ್ಯೆಗಿಂತ ಬೇರೆಯಿದ್ದರೆ, ಒಡೆಯನ ಅಹವಾಲು ಕೇಳಿದ ನಂತರ ಅಧಿಕಾರಿಯು ನೋಂದಣಿಯನ್ನೇ ರದ್ದುಪಡಿಸಬಹುದು. ತಾನಾಗಿ ಮುಂದೆ ಬಂದು ತಪ್ಪು ತೋರಿಸಿದವನ ಮಾತಿಗೂ, ಪೊಲೀಸರು ಹಿಡಿದಾಗ ಹೇಳಿದವನ ಮಾತಿಗೂ ತೂಕ ಬೇರೆ.

ಮೊದಲು ತಪ್ಪು ಯಾರದೆಂದು ಗೊತ್ತುಮಾಡಿರಿ. ನಮೂನೆ 20ರ ನಕಲಿನಲ್ಲಿ ಸರಿಯಿದ್ದು ನೋಂದಣಿ ಪತ್ರದಲ್ಲಿ ತಪ್ಪಿದ್ದರೆ ಅದು ಕಚೇರಿಯ ತಪ್ಪು. ಅರ್ಜಿಯಲ್ಲಿಯೇ ತಪ್ಪಿದ್ದರೆ ಅಂಗಡಿಯ ತಪ್ಪು. ಅಂಗಡಿಯ ತಪ್ಪಾದರೆ ಅವರಿಂದ ತಪ್ಪೊಪ್ಪಿಗೆಯ ಪತ್ರ ಮತ್ತು ತಿದ್ದಿದ ನಮೂನೆ 21 ಬೇಕು. ಅರ್ಜಿಯಲ್ಲಿ ಸುತ್ತುಬಳಸು ಬೇಡ: “ಚಾಸಿ ಸಂಖ್ಯೆಯ ಒಂಬತ್ತನೆಯ ಸ್ಥಾನದಲ್ಲಿ 8 ಇರಬೇಕಾಗಿತ್ತು, 3 ಎಂದು ಬಿದ್ದಿದೆ” ಎಂದು ನೇರವಾಗಿ ಬರೆದು, ಪೆನ್ಸಿಲ್ ಅಚ್ಚು, ಬಿಲ್ಲು, ವಿಮೆ, ಆಧಾರ ಇವುಗಳ ನಕಲು ಲಗತ್ತಿಸಿ, ಪೋಚಪಾವತಿ ಪಡೆಯದೆ ಹೊರಬರಬೇಡಿರಿ. ಸಾಲವಿದ್ದರೆ ಬ್ಯಾಂಕಿಗೂ ಒಂದು ಪ್ರತಿ ಕೊಡಿರಿ. ತಿದ್ದುಪಡಿಯಾದ ಮೇಲೆ ವಿಮೆಯ ಪಾಲಿಸಿಯನ್ನೂ ಅದಕ್ಕೆ ಸರಿಯಾಗಿ ತಿದ್ದಿಸಬೇಕು. ಇದನ್ನು ಅನೇಕರು ಮರೆಯುತ್ತಾರೆ.

ನೋಂದಣಿ ಅಧಿಕಾರಿಯು ರದ್ದತಿಯ ಆಜ್ಞೆ ಹೊರಡಿಸಿದರೆ, ಅದು ಮುಟ್ಟಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು 57ನೆಯ ಕಲಮಿನಲ್ಲಿ ಅವಕಾಶವಿದೆ. ಅಂಗಡಿಯವರು ತಮ್ಮ ತಪ್ಪು ತಿದ್ದಿಕೊಡಲು ಒಪ್ಪದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ಗಡಿಯಾಚೆ ಕೊಂಡರೆ

ಅಕ್ಕಲಕೋಟೆ, ಜತ್ತ ಕಡೆಯವರು ವಿಜಾಪುರಕ್ಕೋ ಕಲಬುರಗಿಗೋ ಹೋಗಿ ಟ್ರ್ಯಾಕ್ಟರು ತರುವುದುಂಟು. ಆಗ ಅಲ್ಲಿ ಸಿಗುವುದು ತಾತ್ಪೂರ್ತಿಕ ನೋಂದಣಿ ಮಾತ್ರ. ಕಾಯಂ ನೋಂದಣಿ ವಾಹನ ಇರುವ ರಾಜ್ಯದಲ್ಲಿ, ಅಂದರೆ ಮಹಾರಾಷ್ಟ್ರದಲ್ಲಿಯೇ ಆಗಬೇಕು. ಅರ್ಜಿಯೂ ನಮ್ಮದೇ ಹೊಣೆ. ಪ್ರಯಾಣದ ಅವಧಿ ಬಿಟ್ಟು, ವಾಹನ ಕೈಗೆ ಬಂದ ಏಳು ದಿನಗಳೊಳಗೆ ಅದನ್ನು ಸಲ್ಲಿಸತಕ್ಕದ್ದು. ತಪ್ಪು ಸಿಕ್ಕರೆ ಮತ್ತೆ ಗಡಿ ದಾಟಿ ಓಡಾಡಬೇಕಾಗುವುದರಿಂದ, ಅಂಗಡಿಯ ಕಟ್ಟೆ ಇಳಿಯುವ ಮುನ್ನವೇ ಎಲ್ಲ ಕಾಗದ ಓದಿಸಿಕೊಳ್ಳುವುದು ಲೇಸು. ಕರ್ನಾಟಕದಲ್ಲಿರುವ ಬೀಗರ ವಿಳಾಸ ಕೊಟ್ಟು ಅಲ್ಲಿಯೇ ನೋಂದಣಿ ಮಾಡಿಸುವ ಉಪಾಯ ಬೇಡ. ಸುಳ್ಳು ಆಧಾರದ ಮೇಲೆ ಪಡೆದ ನೋಂದಣಿಯೂ ಅದೇ 55ನೆಯ ಕಲಮಿನಲ್ಲಿ ರದ್ದಾಗುತ್ತದೆ.

ಭಾಷೆಯ ಮಾತು

ಕಚೇರಿಯ ವ್ಯವಹಾರ ಮರಾಠಿಯಲ್ಲಿದೆಯೆಂದು ಹಿಂಜರಿಯುವ ಕಾರಣವಿಲ್ಲ. ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕೆಲಸ ಬೇಗನೆ ಆಗಲೆಂದರೆ ಕನ್ನಡದ ಅರ್ಜಿಯ ಜೊತೆ ಮರಾಠಿಯ ಪ್ರತಿಯೊಂದನ್ನು ಇಡಿರಿ. ಮನೆಯಲ್ಲಿ ಶಾಲೆ ಕಲಿತ ಮಗನೋ ಮಗಳೋ ಇದ್ದರೆ ಕಾಗದಕ್ಕೆ ಸಹಿ ಹಾಕುವ ದಿನ ಅವರನ್ನು ಜೊತೆಗೆ ಕರೆದೊಯ್ಯಿರಿ. ಅರ್ಧ ತಾಸು ಕುಳಿತು ಓದಿದರೆ ಆರು ತಿಂಗಳ ಅಲೆದಾಟ ಉಳಿದೀತು.