ಒಂದೇ ಕೋಟೆ, ಒಂದು ಇಡೀ ದಿನ

ನವೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುತ್ತದೆ. ಮೂರು ದಿನ, ಒಂಬತ್ತು ಹತ್ತು ಊರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಶೃಂಗೇರಿ, ಧರ್ಮಸ್ಥಳ, ದಾರಿಯಲ್ಲಿ ಒಂದು ಅಣೆಕಟ್ಟು, ಹಿಂದಿರುಗುವಾಗ ಒಂದು ಕೋಟೆ. ಆ ಕೋಟೆಯ ಪಾಲಿಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅಷ್ಟರಲ್ಲಿ ಬಸ್ಸಿನಿಂದ ಇಳಿದು, ಸಾಲು ಕಟ್ಟಿ, ತಲೆ ಎಣಿಸಿ, ಮೊದಲ ಎರಡು ಬಾಗಿಲು ದಾಟಿ, ಗುಂಪಿನ ಫೋಟೊ ತೆಗೆಸಿಕೊಂಡು, ಮುಂದಿನ ಊರಿಗೆ ತಡವಾಯಿತೆಂದು ದಡಬಡಿಸಿ ಇಳಿಯಬೇಕು. ಮಕ್ಕಳು ಕೋಟೆ ನೋಡಿಬಂದರೆಂದು ಶಾಲೆಯ ವರದಿಯಲ್ಲಿ ಬರೆಯಬಹುದು, ಆದರೆ ಅವರು ನೋಡಿರುವುದಿಲ್ಲ. ಕೋಟೆಗೆ ಮಕ್ಕಳನ್ನು ಕರೆದೊಯ್ಯುವುದೇ ಆದರೆ ಒಂದು ಪ್ರವಾಸಕ್ಕೆ ಒಂದೇ ಕೋಟೆ ಸಾಕು, ಅದಕ್ಕೆ ಇಡೀ ದಿನ ಬೇಕು, ಹೊರಡುವ ಮೊದಲೇ ಮಕ್ಕಳ ಬಳಿ ಒಂದು ಪ್ರಶ್ನೆ ಇರಬೇಕು. ಈ ಮಾತನ್ನು ಚಿತ್ರದುರ್ಗದ ಕೋಟೆಯನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ದೇವಸ್ಥಾನದ ಶಿಲ್ಪ ಯಾರೂ ಹೇಳದಿದ್ದರೂ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಕೋಟೆಗೆ ಆ ಗುಣವಿಲ್ಲ. ಅದನ್ನು ನೋಡಲೆಂದು ಕಟ್ಟಿದವರು ಯಾರೂ ಇಲ್ಲ. ಶತ್ರುವನ್ನು ತಡೆಯಲು, ದವಸ ಕೂಡಿಡಲು, ಮುತ್ತಿಗೆಯ ತಿಂಗಳುಗಳನ್ನು ಬದುಕಿ ದಾಟಲು ಕಟ್ಟಿದರು. ಹಾಗಾಗಿ ‘ಇದು ಯಾಕೆ ಹೀಗಿದೆ’ ಎಂದು ಕೇಳದವರಿಗೆ ಅದು ಬರೀ ಕಲ್ಲು. ಚಿತ್ರದುರ್ಗದಲ್ಲಿ ಅಗಸೆ ದಾಟಿದ ಕೂಡಲೇ ದಾರಿ ಥಟ್ಟನೆ ಪಕ್ಕಕ್ಕೆ ತಿರುಗುತ್ತದೆ. ಆನೆಗೆ ಓಡಿಬಂದು ಕದಕ್ಕೆ ಗುದ್ದಲು ನೇರ ಜಾಗ ಸಿಗಬಾರದು, ನುಗ್ಗಿದವರು ತಿರುವಿನಲ್ಲಿ ಗುಂಪುಗೂಡಿ ಮೇಲಿನವರ ಗುರಿಗೆ ಸಿಗಬೇಕು ಎಂಬ ಲೆಕ್ಕ ಅದರಲ್ಲಿದೆ. ಕೋಟೆಗೋಡೆಯ ಮೇಲಿನ ತುಪಾಕಿ ಕಿಂಡಿಗಳಿಗೆ ಕಣ್ಣಿಟ್ಟರೆ ಒಂದರಲ್ಲಿ ಕೆಳಗಿನ ದಾರಿ ಕಾಣುತ್ತದೆ, ಇನ್ನೊಂದರಲ್ಲಿ ದೂರದ ಬಯಲು. ಹದಿಮೂರು ವರ್ಷದ ಹುಡುಗಿಗೆ ಇದನ್ನು ತಾನೇ ಕಂಡುಹಿಡಿಯಲು ಹತ್ತು ನಿಮಿಷ ಬಿಟ್ಟರೆ ಸಾಕು, ಆಮೇಲೆ ಅವಳು ಕೋಟೆಯಲ್ಲಿ ಸುಮ್ಮನೆ ನಡೆಯುವುದಿಲ್ಲ. ಒಂದೂವರೆ ಗಂಟೆಯ ಭೇಟಿಯಲ್ಲಿ ಸಿಗದಿರುವುದು ಆ ಹತ್ತು ನಿಮಿಷವೇ.

ಪ್ರಶ್ನೆ ಯಾವುದಿರಬೇಕು? ದುರ್ಗದ ಮಟ್ಟಿಗೆ ನೀರಿನ ಪ್ರಶ್ನೆಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಏಳು ಸುತ್ತಿನ ಈ ಕೋಟೆ ಬಂಡೆಗಳ ಗುಡ್ಡದ ಮೇಲಿದೆ. ಪಕ್ಕದಲ್ಲಿ ಹರಿಯುವ ನದಿಯಿಲ್ಲ. ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಬರದ ವರ್ಷಗಳಲ್ಲಿ ಅಷ್ಟೂ ಇಲ್ಲ. ಇಂಥ ಕಡೆ ಹದಿನಾರನೆಯ ಶತಮಾನದ ಉತ್ತರಾರ್ಧದಿಂದ 1779ರವರೆಗೆ ಪಾಳೆಯಗಾರ ನಾಯಕರು ಆಳಿದರು, ಸೈನ್ಯ ಸಾಕಿದರು, ಹೈದರಾಲಿಯ ಮುತ್ತಿಗೆಗಳನ್ನು ಎದುರಿಸಿದರು. ಕೆಳಗೆ ಶತ್ರು ಬೀಡುಬಿಟ್ಟಿರುವಾಗ ಮೇಲಿನವರು ಏನು ಕುಡಿದರು? ಉತ್ತರ ಬಂಡೆಯಲ್ಲೇ ಇದೆ. ಬೋಳುಬಂಡೆ ಮಳೆನೀರನ್ನು ಹೀರುವುದಿಲ್ಲ, ಜಾರಿಸಿಬಿಡುತ್ತದೆ. ಜಾರುವ ನೀರನ್ನು ತಡೆದು ಹೊಂಡಕ್ಕೆ ತಿರುಗಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿ ಚೆಲ್ಲಿದರೆ ಅಕ್ಕತಂಗಿ ಹೊಂಡ, ಅಲ್ಲಿಂದ ಕೆಳಗಿಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದರ ಹೆಚ್ಚುವರಿ ಇನ್ನೊಂದರ ಆದಾಯ. ಮಳೆನೀರು ಸಂಗ್ರಹದ ಬಗ್ಗೆ ಇಂದು ಶಾಲೆಯ ಗೋಡೆಗಳ ಮೇಲೆ ಬರೆಸುವ ಘೋಷಣೆಗಳಿಗೆ ಇಷ್ಟು ದೊಡ್ಡ, ಇಷ್ಟು ಹಳೆಯ, ಈಗಲೂ ಕಣ್ಣಿಗೆ ಕಾಣುವ ಪುರಾವೆ ಬೇರೆ ಕಡೆ ಸುಲಭಕ್ಕೆ ಸಿಗದು.

ಈ ಪ್ರಶ್ನೆಯ ಇನ್ನೊಂದು ಅನುಕೂಲವೆಂದರೆ ಅದನ್ನು ತರಗತಿಯಲ್ಲೇ ಬಿಡಿಸಲು ಶುರುಮಾಡಬಹುದು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಷ್ಟು ಬಂಡೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 24 ಲಕ್ಷ ಲೀಟರ್ ದಾಟುತ್ತದೆ. ಒಬ್ಬರಿಗೆ ದಿನಕ್ಕೆ 20 ಲೀಟರಿನಂತೆ ಸಾವಿರ ಜನರಿಗೆ ವರ್ಷಕ್ಕೆ ಬೇಕಾದದ್ದು 73 ಲಕ್ಷ ಲೀಟರ್. ಅಂದರೆ ಒಂದು ಹನಿಯೂ ಪೋಲಾಗದಿದ್ದರೆ ಸುಮಾರು ಮೂರು ಎಕರೆ ಬಂಡೆ ಸಾಕಾಗುತ್ತದೆ. ಆವಿಯಾಗಿ, ಸೋರಿ, ಚೆಲ್ಲಿ ಅರ್ಧ ಹೋದರೂ ಆರು ಎಕರೆ. ಎಂಟನೆಯ ತರಗತಿಯ ಗಣಿತಕ್ಕೆ ಇದು ಕಷ್ಟದ ಲೆಕ್ಕವಲ್ಲ. ಈ ಲೆಕ್ಕ ಮಾಡಿಕೊಂಡು ಬಂದ ಮಗು ಗೋಪಾಲಸ್ವಾಮಿ ಹೊಂಡದ ಮುಂದೆ ನಿಂತಾಗ ನೀರನ್ನಷ್ಟೇ ನೋಡುವುದಿಲ್ಲ, ಸುತ್ತಲಿನ ಬಂಡೆಯ ಇಳಿಜಾರನ್ನು ನೋಡುತ್ತದೆ. ದನಕ್ಕೆ, ಕುದುರೆಗೆ, ಆನೆಗೆ ಎಷ್ಟು ಬೇಕಿತ್ತು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆಗ ವಿಜ್ಞಾನದ ಮೇಷ್ಟರು, ಗಣಿತದ ಮೇಷ್ಟರು, ಸಮಾಜದ ಮೇಷ್ಟರು ಮೂವರಿಗೂ ಆ ದಿನ ಕೆಲಸವಿರುತ್ತದೆ. ಈಗಿನ ಪ್ರವಾಸಗಳಲ್ಲಿ ಅವರ ಕೆಲಸ ತಲೆ ಎಣಿಸುವುದಕ್ಕೇ ಮುಗಿದುಹೋಗುತ್ತಿದೆ.

‘ದುರ್ಗಕ್ಕೆ ಹೋಗುವುದೇ ಓಬವ್ವನ ಕಿಂಡಿ ನೋಡಲು, ಮಕ್ಕಳಿಗೆ ಬೇಕಿರುವುದು ಆ ಕಥೆ, ನಿಮ್ಮ ನೀರಿನ ಲೆಕ್ಕವಲ್ಲ’ ಎಂದು ಯಾರಾದರೂ ಹೇಳಬಹುದು. ಮಾತು ನ್ಯಾಯವಾದದ್ದೇ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂದ ಮೇಲಂತೂ ಒನಕೆ ಹಿಡಿದ ಓಬವ್ವ ಕನ್ನಡಿಗರ ಮನೆಮಾತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ಆ ಕಥೆಯನ್ನು ಬಿಟ್ಟು ದುರ್ಗ ತೋರಿಸಿ ಎಂದು ಯಾರೂ ಹೇಳಲಾರರು. ಆದರೆ ಕಥೆಯನ್ನೇ ಒಮ್ಮೆ ನಿಧಾನವಾಗಿ ಕೇಳಿ. ಓಬವ್ವನ ಗಂಡ, ಕಹಳೆಯ ಕಾವಲುಗಾರ, ಊಟಕ್ಕೆ ಮನೆಗೆ ಬಂದಿದ್ದ. ಅವನಿಗೆ ನೀರು ತರಲೆಂದು ಓಬವ್ವ ಕೊಡ ಹಿಡಿದು ಹೋದಳು. ನೀರಿನ ಬಳಿ ಹೋದದ್ದರಿಂದಲೇ ಕಿಂಡಿಯಲ್ಲಿ ನುಸುಳುವ ಹೈದರನ ಸೈನಿಕರ ಸದ್ದು ಅವಳ ಕಿವಿಗೆ ಬಿತ್ತು. ಕಿಂಡಿಯ ಹತ್ತಿರವೇ ಇರುವ ತಣ್ಣೀರು ದೋಣಿಯನ್ನು ಇವತ್ತಿಗೂ ತೋರಿಸುತ್ತಾರೆ. ಬಂಡೆಯ ಮರೆಯಲ್ಲಿ ಮನುಷ್ಯನೊಬ್ಬ ಬಗ್ಗಿ ತೂರಬೇಕಾದಷ್ಟು ಇಕ್ಕಟ್ಟಿನ ಸಂದು, ಅದರಿಂದ ಸ್ವಲ್ಪ ದೂರದಲ್ಲಿ ತಣ್ಣನೆಯ ನೀರು: ಎರಡನ್ನೂ ಒಟ್ಟಿಗೆ ನೋಡಿದ ಮಗುವಿಗೆ ಕೋಟೆಯ ನೀರು ತರುವವರು ಯಾರಾಗಿದ್ದರು, ಕಾವಲಿನವನ ಸಂಸಾರ ಎಲ್ಲಿತ್ತು, ಬಡವರ ಮನೆಯಿಂದ ಹೊಂಡ ಎಷ್ಟು ದೂರ ಎಂಬುದೆಲ್ಲ ಹೊಳೆಯುತ್ತದೆ. ನೀರಿನ ಪ್ರಶ್ನೆ ಓಬವ್ವನ ಶೌರ್ಯವನ್ನು ಕುಗ್ಗಿಸುವುದಿಲ್ಲ, ಅವಳನ್ನು ಆ ಬಂಡೆಯ ಮೇಲೆ ಬದುಕಿದ್ದ ಹೆಣ್ಣಾಗಿ ಕಾಣಿಸುತ್ತದೆ.

ಇದರ ಜೊತೆಗೆ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಓಬವ್ವನ ಕಥೆ ಜನರ ನೆನಪಿನಲ್ಲಿ ಉಳಿದು ಬಂದದ್ದು. ಕೋಟೆ 1779ರಲ್ಲಿ ಹೈದರನ ಕೈಸೇರಿತು ಎಂಬುದು ದಾಖಲೆಯಲ್ಲಿರುವುದು. ಎರಡಕ್ಕೂ ಬೆಲೆಯಿದೆ, ಎರಡೂ ಒಂದೇ ಬಗೆಯ ತಿಳಿವಳಿಕೆಯಲ್ಲ. ಕೋಟೆ ಬಿದ್ದ ಮೇಲೆ ಇಪ್ಪತ್ತು ಸಾವಿರದಷ್ಟು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದು, ಬೇಡರ ಹುಡುಗರನ್ನು ಆರಿಸಿ ಚೇಲಾ ಪಡೆ ಕಟ್ಟಿದರೆಂದು ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಅವನು ಹೈದರನ ವಿರೋಧಿಗಳ ಕಡೆಯವನು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಸೋತ ಪಾಳೆಯಗಾರ ಮದಕರಿನಾಯಕ, ಗೆದ್ದ ಹೈದರ್ ಎಂಬ ಎರಡೇ ಹೆಸರಿಗೆ ಯುದ್ಧದ ಪಾಠ ಮುಗಿದರೆ ಅದು ಬೇಗ ಜಗಳಕ್ಕೆ ತಿರುಗುತ್ತದೆ. ತಮ್ಮದೇ ವಯಸ್ಸಿನ ಹುಡುಗರು ಊರು ಬಿಟ್ಟು ಸೈನಿಕರಾಗಬೇಕಾಯಿತು ಎಂದು ತಿಳಿದ ಮಕ್ಕಳು ಬೇರೆಯದೇ ಪ್ರಶ್ನೆ ಕೇಳುತ್ತಾರೆ.

‘ನಮ್ಮ ಮಕ್ಕಳು ಬಡವರು, ಶಾಲೆ ಕರೆದೊಯ್ದರೇ ಉಂಟು, ಇಲ್ಲದಿದ್ದರೆ ಇಲ್ಲ. ಸಿಗುವ ಒಂದೇ ಪ್ರವಾಸದಲ್ಲಿ ಆದಷ್ಟು ಊರು ನೋಡಲಿ’ ಎನ್ನುವ ವಾದ ಇನ್ನೂ ಗಟ್ಟಿಯಾದದ್ದು. ಹಳ್ಳಿಯ ಶಿಕ್ಷಕರು ಇದನ್ನು ಹೇಳುವಾಗ ಅದರ ಹಿಂದೆ ಮಕ್ಕಳ ಮೇಲಿನ ಅಕ್ಕರೆಯಿದೆ. ಆದರೆ ಮೂರು ದಿನದಲ್ಲಿ ಒಂಬತ್ತು ಊರು ಸುತ್ತುವ ಮಗು ಹೆಚ್ಚು ನೋಡುವುದು ಮುಂದಿನ ಸೀಟಿನ ಬೆನ್ನನ್ನು. ನಿದ್ದೆಗೆಟ್ಟು, ವಾಂತಿ ಮಾಡಿಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಯಾವ ಊರಿನಲ್ಲಿ ಏನು ನೋಡಿದೆನೆಂದು ಮನೆಯಲ್ಲಿ ಹೇಳಲಾರದೆ ಹಿಂದಿರುಗುತ್ತದೆ. ಬಾಡಿಗೆ ಕೊಟ್ಟದ್ದು ಬಡ ತಂದೆತಾಯಿಯೇ. ಅವರ ದುಡ್ಡಿನ ಬಹುಪಾಲು ಡೀಸೆಲ್ಲಿಗೆ ಹೋಗುತ್ತದೆ. ಕೋಟೆ ನೋಡಲು ದುರ್ಗಕ್ಕೇ ಬರಬೇಕೆಂದೂ ಇಲ್ಲ. ಬೀದರಿನವರಿಗೆ ಬಂಡೆಯನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕವಿದೆ: ಕಡಿದ ಕಲ್ಲನ್ನೆಲ್ಲ ಏನು ಮಾಡಿದರು ಎಂದು ಕೇಳಿ. ಸಕಲೇಶಪುರದ ಕಡೆಯವರಿಗೆ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿದೆ: ಗೋಡೆಗೆ ಅಷ್ಟೊಂದು ಮೂಲೆ ಯಾಕೆ ಎಂದು ಕೇಳಿ. ರಾಯಚೂರಿನ ಕೋಟೆಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ತೆಲುಗು ಶಾಸನವಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ, ಜಾನುವಾರುಗಳ ಉದ್ದನೆಯ ಸಾಲು ಹೂಡಿ ಎಳೆಸುತ್ತಿರುವ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಆ ಚಿತ್ರದ ಮುಂದೆ ಅರ್ಧ ಗಂಟೆ ಕೂತ ಮಗು ಪಠ್ಯಪುಸ್ತಕದ ಎಷ್ಟೋ ಪುಟ ಹೇಳದಿರುವುದನ್ನು ಕಲಿಯುತ್ತದೆ. ಮನೆಗೆ ಹತ್ತಿರದ ಕೋಟೆ, ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಪ್ರವಾಸ, ಅರ್ಧಕ್ಕಿಂತ ಕಡಿಮೆ ಖರ್ಚು. ಉಳಿದ ಹಣದಲ್ಲಿ ಮರುವರ್ಷ ಇನ್ನೊಂದಕ್ಕೆ ಹೋಗಬಹುದು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವೂ ಇಲ್ಲ.

ಸುರಕ್ಷತೆಯ ವಿಷಯದಲ್ಲಿ ಯಾರೂ ಹಗುರವಾಗಿ ಮಾತಾಡುವಂತಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಅಂಥ ಸುದ್ದಿಯ ಮರುದಿನ ‘ಪ್ರವಾಸವೇ ಬೇಡ’ ಎನ್ನುವ ತಂದೆತಾಯಿಯ ಸಂಕಟ ಅರ್ಥವಾಗುವಂಥದು. ಆದರೆ ಪ್ರವಾಸ ನಿಲ್ಲಿಸಿದರೆ ಮಕ್ಕಳು ನೋಡುವುದೂ ನಿಲ್ಲುತ್ತದೆ. ಅಪಾಯ ಕಡಿಮೆ ಮಾಡುವ ದಾರಿ ಇರುವಾಗ ಅದು ಪರಿಹಾರವಲ್ಲ. ಒಂದೇ ಜಾಗಕ್ಕೆ ಹೋಗುವ ಪ್ರವಾಸದಲ್ಲಿ ಶಿಕ್ಷಕರು ಆ ಜಾಗವನ್ನು ಮೊದಲೇ ನೋಡಿಬರಬಹುದು, ಒಂಬತ್ತು ಊರಿನ ಪ್ರವಾಸದಲ್ಲಿ ಅದು ಆಗದ ಮಾತು. ಇಬ್ಬರು ಶಿಕ್ಷಕರು ಎರಡು ವಾರ ಮುಂಚೆ ದುರ್ಗ ಹತ್ತಿ, ಎಲ್ಲಿ ಬಂಡೆ ಜಾರುತ್ತದೆ, ಯಾವ ಹೊಂಡಕ್ಕೆ ತಡೆಯಿಲ್ಲ, ಶೌಚಾಲಯ ಎಲ್ಲಿದೆ, ನೆರಳು ಎಲ್ಲಿ ಸಿಗುತ್ತದೆ, ಬಂಡೆಗಳಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ಗುರುತು ಮಾಡಿಕೊಳ್ಳಲಿ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬರು ದೊಡ್ಡವರು ಜೊತೆಗಿರಲಿ. ಶಿಕ್ಷಕರು ಸಾಲದಿದ್ದರೆ ಪೋಷಕರನ್ನು ಕರೆಯಿರಿ. ಬಿಸಿಲು ಏರಿದರೆ ಬಂಡೆ ಕಾದ ಕಾವಲಿಯಾಗುತ್ತದೆ, ಹಾಗಾಗಿ ಹತ್ತುವುದೆಲ್ಲ ಬೆಳಗ್ಗೆಯೇ ಮುಗಿಯಲಿ. ಮಂಗಗಳಿವೆ, ತಿಂಡಿ ಬಿಚ್ಚುವುದು ಕೆಳಗಿಳಿದ ಮೇಲೆ. ಬರಿಗೈಯಲ್ಲಿ ಕೋಟೆಗೋಡೆ ಹತ್ತುವ ಸಾಹಸದ ವಿಡಿಯೊಗಳನ್ನು ಮಕ್ಕಳು ನೋಡಿರುತ್ತಾರೆ. ‘ಹಾಗೆ ಮಾಡಬೇಡಿ’ ಎಂದು ಅಲ್ಲಿ ನಿಂತು ಗದರುವ ಬದಲು ಹಿಂದಿನ ದಿನವೇ ಕೂರಿಸಿಕೊಂಡು ಮಾತಾಡಿ. ದುರ್ಗ ಬೆಂಗಳೂರಿನಿಂದ ಸುಮಾರು 200 ಕಿಲೊಮೀಟರ್. ಅಷ್ಟು ದೂರದವರು ಹಿಂದಿನ ಸಂಜೆಯೇ ಬಂದು ಊರಲ್ಲಿ ತಂಗುವುದು ಮೇಲು. ನಡೆಯಲಾಗದ ಮಗುವಿದ್ದರೆ ಅದನ್ನು ಮನೆಯಲ್ಲಿ ಬಿಡಬೇಡಿ. ಸಂತೆ ಹೊಂಡ ಊರಿನಲ್ಲೇ ಇದೆ. ಕೆಳಗಿನ ಅಗಸೆಗಳ ತನಕ ಜೊತೆಗೆ ಕರೆದೊಯ್ದು, ನೀರು ಕೊನೆಗೆ ಬಂದು ಸೇರುವ ಕಡೆಯ ಅಧ್ಯಯನವನ್ನು ಆ ಮಗುವಿರುವ ತಂಡಕ್ಕೆ ವಹಿಸಿದರೆ ಉಳಿದವರು ತಂದ ಮಾಹಿತಿ ಅಲ್ಲಿಯೇ ಜೋಡಣೆಯಾಗುತ್ತದೆ.

‘ಇಷ್ಟೆಲ್ಲ ಪಾಠ ಹೇರಿದರೆ ಪ್ರವಾಸದ ಖುಷಿ ಎಲ್ಲಿ’ ಎಂಬ ಆಕ್ಷೇಪಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಕೋಟೆಯೊಳಗಿನ ಮದ್ದು ಬೀಸುವ ಗುಂಡಿಯ ಅಂಚಿನಲ್ಲಿ ಮಕ್ಕಳನ್ನು ಸುಮ್ಮನೆ ಬಿಟ್ಟು ನೋಡಿ. ದುಂಡನೆಯ ತಗ್ಗು, ಒಳಗೆ ನಾಲ್ಕು ದೊಡ್ಡ ಬೀಸುಕಲ್ಲು. ಇವನ್ನು ತಿರುಗಿಸಿದ್ದು ಎತ್ತೋ, ಆನೆಯೋ, ನಡುವೆ ಹಲ್ಲಿನ ಗಾಲಿ ಇತ್ತೋ ಎಂದು ಅವರೇ ವಾದಕ್ಕೆ ಇಳಿಯುತ್ತಾರೆ. ಒತ್ತಾಯದಿಂದ ಟಿಪ್ಪಣಿ ಬರೆಸಿದರೆ ಖುಷಿ ಹೋಗುತ್ತದೆ ನಿಜ; ಬರೆಸಬೇಡಿ. ಹಾಡಲಿ, ಓಡಲಿ, ಪ್ರತಿಧ್ವನಿ ಬರುವಂತೆ ಕೂಗಲಿ. ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಇಳಿಯಬೇಕು ಎಂಬ ಒಂದೇ ಕಟ್ಟಳೆ ಸಾಕು.

ಮಧ್ಯಾಹ್ನದ ಊಟವಾದ ಮೇಲೆ ಚಂದ್ರವಳ್ಳಿಗೆ ಹೋಗಿ, ಅದು ಅದೇ ಗುಡ್ಡಗಳ ಮಡಿಲಲ್ಲಿದೆ. ಅಲ್ಲಿ ಕೆರೆಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಮಯೂರಶರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಆ ಶಾಸನ ಹೇಳುತ್ತದೆ. ಅಂದರೆ ನಾಯಕರಿಗಿಂತ ಸಾವಿರದ ಇನ್ನೂರು ವರ್ಷ ಮೊದಲೇ, ನಾಲ್ಕನೆಯ ಶತಮಾನದಲ್ಲಿ, ಈ ಬಂಡೆನಾಡಿನ ದೊರೆಯೊಬ್ಬ ಕಲ್ಲಿನಲ್ಲಿ ಬರೆಸಲು ತಕ್ಕ ಕೆಲಸವೆಂದು ನೀರು ನಿಲ್ಲಿಸುವುದನ್ನು ಎಣಿಸಿದ್ದ. ಬೆಳಿಗ್ಗೆಯಿಂದ ಹೊಂಡಗಳ ಬೆನ್ನು ಹತ್ತಿದ ಮಕ್ಕಳಿಗೆ ಆ ಬಂಡೆಯ ಮುಂದೆ ಹೆಚ್ಚು ವಿವರಿಸಬೇಕಾಗುವುದಿಲ್ಲ.

ಮುಖ್ಯೋಪಾಧ್ಯಾಯರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ಒಂದು ಕೋರಿಕೆ. ಈ ವರ್ಷದ ಪ್ರವಾಸದ ಪಟ್ಟಿ ಮಾಡುವಾಗ ಊರುಗಳನ್ನು ಸೇರಿಸುವುದಕ್ಕಿಂತ ತೆಗೆಯಲು ಕೂರಿ. ಮಳೆ ಮುಗಿದು ಹೊಂಡಗಳಲ್ಲಿ ನೀರಿರುವ ನವೆಂಬರಿನಲ್ಲೇ ದಿನ ಗೊತ್ತುಮಾಡಿ, ಇಬ್ಬರು ಶಿಕ್ಷಕರನ್ನು ಮುಂಚಿತವಾಗಿ ಕಳಿಸಿ, ಮಕ್ಕಳಿಗೆ ಪ್ರಶ್ನೆಯನ್ನು ಒಂದು ವಾರ ಮೊದಲೇ ಕೊಡಿ.